ಕ್ಯಾಮೆರಾ ಕಣ್ಣು: ಬೆಳಕು ಕೊಡಿ, ಬಣ್ಣ ಕಸಿಯಬೇಡಿ



ರಾಜ್ಯೋತ್ಸವದ ಸ್ಮರಣ ಸಂಚಿಕೆಯ ಕೆಲಸ ಶುರುವಾಯಿತೆಂದರೆ ಲೇಖನ, ಕವನಗಳಿಗಿಂತ ಮೊದಲು ಬಂದು ಸೇರುವುದು ಫೋಟೋಗಳು. ಮಕ್ಕಳ ಛದ್ಮವೇಷ, ಯಕ್ಷಗಾನದ ವೇಷಗಳು, ಪಿಕ್‌ನಿಕ್ಕಿನ ಗುಂಪು ಚಿತ್ರ, ಊರಿನಲ್ಲಿ ತೀರಿಕೊಂಡ ಹಿರಿಯರ ನೆನಪಿಗೆಂದು ಆಲ್ಬಮ್ಮಿನಿಂದ ಬಿಡಿಸಿ ಸ್ಕ್ಯಾನ್ ಮಾಡಿದ ಹಳೆಯ ಕಪ್ಪು-ಬಿಳುಪು ಚಿತ್ರ, ಹೀಗೆ ಎಲ್ಲವೂ. ಇವುಗಳ ಜೊತೆಗೆ ಒಂದು ಕೋರಿಕೆಯೂ ತಪ್ಪದೆ ಬರುತ್ತದೆ: "ಮುಖ ಕಪ್ಪಾಗಿ ಬಂದಿದೆ, ಸ್ವಲ್ಪ ಬೆಳ್ಳಗೆ ಮಾಡಿ ಹಾಕಿ."

ಈ ಒಂದು ವಾಕ್ಯದೊಳಗೆ ಎರಡು ಕೋರಿಕೆಗಳಿವೆ. ನೆರಳು ಬಿದ್ದು ಮುಖ ಕಾಣುತ್ತಿಲ್ಲ, ಕಾಣುವಂತೆ ಮಾಡಿ ಎಂಬುದು ಒಂದು. ಮುಖದ ಬಣ್ಣವೇ ಸರಿಯಿಲ್ಲ, ಬದಲಿಸಿ ಎಂಬುದು ಇನ್ನೊಂದು. ಮೊದಲನೆಯದು ಛಾಯಾಚಿತ್ರ ಕಲೆಯಷ್ಟೇ ಹಳೆಯ, ಗೌರವದ ಕೆಲಸ. ಎರಡನೆಯದರ ಬಗ್ಗೆ ನಾವು ಕುಳಿತು ಮಾತನಾಡಬೇಕು. ಕಂಪ್ಯೂಟರಿನಲ್ಲಿ ಎರಡನ್ನೂ ಮಾಡುವುದು ಒಂದೇ ಕುಂಚದಿಂದ. ಆದ್ದರಿಂದಲೇ ಈ ಸಲದ ಅಂಕಣದಲ್ಲಿ ಆ ಕುಂಚವನ್ನು ಹಿಡಿಯುವುದು ಹೇಗೆ, ಕೆಳಗಿಡುವುದು ಎಲ್ಲಿ ಎಂಬ ಎರಡನ್ನೂ ನೋಡೋಣ. ಫೋಟೋಗ್ರಫಿಯ ಭಾಷೆಯಲ್ಲಿ ಇದಕ್ಕೆ 'ಡಾಡ್ಜಿಂಗ್' ಮತ್ತು 'ಬರ್ನಿಂಗ್' ಎನ್ನುತ್ತಾರೆ. ಬೇಕಾದ ಕಡೆ ತಿಳಿಗೊಳಿಸುವುದು ಡಾಡ್ಜಿಂಗ್, ಬೇಕಾದ ಕಡೆ ಗಾಢಗೊಳಿಸುವುದು ಬರ್ನಿಂಗ್. ಇಷ್ಟೇ ಅದರ ಅರ್ಥ.

ಮುಖ ಕಪ್ಪಾಗುವುದು ಏಕೆ?

ಮೊದಲು ನಮ್ಮ ಖಾಲಿದಿಯಾದ ಬಿಸಿಲನ್ನೇ ತೆಗೆದುಕೊಳ್ಳಿ. ಅಬುಧಾಬಿ ಇರುವುದು ಕರ್ಕಾಟಕ ಸಂಕ್ರಾಂತಿ ವೃತ್ತದಿಂದ ಉತ್ತರಕ್ಕೆ ಸುಮಾರು ಒಂದು ಡಿಗ್ರಿಯಷ್ಟು ದೂರದಲ್ಲಿ. ಜೂನ್ 21ರ ಆಸುಪಾಸಿನಲ್ಲಿ ಇಲ್ಲಿ ನಡುಮಧ್ಯಾಹ್ನದ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲೇ ಇರುತ್ತಾನೆ. ಮೇಲಿನಿಂದ ಬಿದ್ದ ಬೆಳಕು ಹಣೆಗೂ ಮೂಗಿನ ತುದಿಗೂ ಬೀಳುತ್ತದೆ, ಕಣ್ಣಿನ ಗುಳಿಗೆ ಇಳಿಯುವುದಿಲ್ಲ. ಕಾರ್ನಿಷ್‌ನಲ್ಲಿ ಮಧ್ಯಾಹ್ನ ತೆಗೆದ ಚಿತ್ರಗಳಲ್ಲಿ ಕಣ್ಣುಗಳೆಲ್ಲ ಎರಡು ಕಪ್ಪು ಗುಂಡಿಗಳಂತೆ ಕಾಣುವುದು ಇದರಿಂದ.

ಎರಡನೆಯ ಕಾರಣ ಕ್ಯಾಮೆರಾದ ಲೆಕ್ಕಾಚಾರ. ಕ್ಯಾಮೆರಾದೊಳಗಿನ ಬೆಳಕಿನ ಮಾಪಕಕ್ಕೆ ಎದುರಿಗಿರುವುದು ಸುಣ್ಣದ ಗೋಡೆಯೋ ಇದ್ದಿಲ ರಾಶಿಯೋ ಎಂದು ಸ್ವತಃ ತಿಳಿಯದು. ಕಂಡದ್ದೆಲ್ಲ ಸರಾಸರಿಯಲ್ಲಿ ಮಧ್ಯಮ ಬೂದು ಬಣ್ಣ ಎಂದು ಭಾವಿಸಿ ಅದು ಬೆಳಕನ್ನು ಅಳೆಯುತ್ತದೆ. 2007ರಲ್ಲಿ ತೆರೆದ ಶೇಖ್ ಜಾಯೆದ್ ಮಸೀದಿಯ ಬಿಳಿ ಅಮೃತಶಿಲೆಯ ಮುಂದೆ ಮನೆಯವರನ್ನು ನಿಲ್ಲಿಸಿ ಚಿತ್ರ ತೆಗೆದು ನೋಡಿ. ಚೌಕಟ್ಟಿನ ಬಹುಭಾಗ ಬಿಳಿಯೇ ಇರುವುದರಿಂದ ಕ್ಯಾಮೆರಾ 'ಬೆಳಕು ಜಾಸ್ತಿಯಾಯಿತು' ಎಂದು ತಿಳಿದು ಇಡೀ ಚಿತ್ರವನ್ನು ಕುಗ್ಗಿಸುತ್ತದೆ. ಅಮೃತಶಿಲೆ ಬೂದಾಗುತ್ತದೆ, ಮುಂದೆ ನಿಂತವರ ಮುಖ ಇದ್ದದ್ದಕ್ಕಿಂತ ಎರಡು ಪಟ್ಟು ಕಪ್ಪಾಗುತ್ತದೆ. ಊರಿನ ಮದುವೆಯಲ್ಲಿ ಬಿಳಿ ಪಂಚೆ, ಬಿಳಿ ಅಂಗಿ ತೊಟ್ಟ ಅಜ್ಜನ ಚಿತ್ರದಲ್ಲಿ ಆಗುವುದೂ ಇದೇ. ಈಚಿನ ಮೊಬೈಲುಗಳು ಮುಖವನ್ನು ಗುರುತಿಸಿ ಸ್ವಲ್ಪ ಸರಿಪಡಿಸಿಕೊಳ್ಳುತ್ತವೆ, ನಿಜ. ಆದರೂ ಹಿಂದಿನಿಂದ ಬೆಳಕಿದ್ದರೆ ಅವೂ ಸೋಲುತ್ತವೆ.

ಅಂದರೆ ಆ ಕಪ್ಪು ಮುಖದ್ದಲ್ಲ, ಯಂತ್ರದ್ದು. ಯಂತ್ರ ಕಿತ್ತುಕೊಂಡ ಬೆಳಕನ್ನು ಮುಖಕ್ಕೆ ಹಿಂದಿರುಗಿಸುವುದು ನ್ಯಾಯವೇ. ಡಾಡ್ಜಿಂಗ್ ಹುಟ್ಟಿದ್ದು ಇದಕ್ಕಾಗಿಯೇ.

ಕತ್ತಲೆ ಕೋಣೆಯ ಕೈಚಳಕ

ಈ ಎರಡು ಪದಗಳು ಕಂಪ್ಯೂಟರಿಗಿಂತ ಎಷ್ಟೋ ಹಳೆಯವು. ಊರಿನ ಸ್ಟುಡಿಯೋದ ಡಾರ್ಕ್ ರೂಮಿನಲ್ಲಿ ಕೆಂಪು ದೀಪದಡಿ ಪ್ರಿಂಟ್ ಹಾಕುವುದನ್ನು ನೋಡಿದವರು ನಮ್ಮಲ್ಲಿ ಇನ್ನೂ ಇದ್ದಾರೆ. ಎನ್‌ಲಾರ್ಜರ್ ಯಂತ್ರದಿಂದ ನೆಗೆಟಿವ್ ಮೂಲಕ ಬೆಳಕು ಕಾಗದದ ಮೇಲೆ ಬೀಳುತ್ತದೆ. ಆ ಕಾಗದದ ಗುಣವೇನೆಂದರೆ ಬೆಳಕು ಹೆಚ್ಚು ಬಿದ್ದಷ್ಟೂ ಕಪ್ಪಾಗುವುದು. ಆದ್ದರಿಂದ ಮುಖ ತಿಳಿಯಾಗಬೇಕಾದರೆ ಸಪೂರ ತಂತಿಯ ತುದಿಗೆ ಅಂಟಿಸಿದ ರಟ್ಟಿನ ಬಿಲ್ಲೆಯನ್ನು ಕೆಲವು ಸೆಕೆಂಡು ಆ ಜಾಗಕ್ಕೆ ಅಡ್ಡ ಹಿಡಿಯಬೇಕು. ಅದೇ ಡಾಡ್ಜಿಂಗ್. ಆಕಾಶ ಗಾಢವಾಗಬೇಕಾದರೆ ಉಳಿದ ಭಾಗವನ್ನೆಲ್ಲ ಮರೆಮಾಡಿ, ರಟ್ಟಿನ ತೂತಿನಿಂದಲೋ ಮುಷ್ಟಿಯ ಸಂದಿನಿಂದಲೋ ಆಕಾಶಕ್ಕೆ ಮಾತ್ರ ಹೆಚ್ಚು ಬೆಳಕು ಬಿಡಬೇಕು. ಅದೇ ಬರ್ನಿಂಗ್. ಕೈಯನ್ನು ಒಂದೇ ಕಡೆ ನಿಲ್ಲಿಸುವಂತಿಲ್ಲ, ನಿಲ್ಲಿಸಿದರೆ ಗೆರೆ ಮೂಡುತ್ತದೆ. ದೋಸೆಗೆ ಎಣ್ಣೆ ಸವರುವವರ ಹಾಗೆ ಕೈ ಸದಾ ಆಡುತ್ತಿರಬೇಕು. ಇಂದಿಗೂ ಫೋಟೋಶಾಪ್‌ನಲ್ಲಿ ಡಾಡ್ಜ್ ಉಪಕರಣದ ಗುರುತು ಕಡ್ಡಿಯ ತುದಿಯ ಬಿಲ್ಲೆ, ಬರ್ನ್ ಉಪಕರಣದ ಗುರುತು ಬೆರಳು ಮಡಚಿದ ಕೈ!

ಅಮೆರಿಕದ ಆನ್ಸೆಲ್ ಆಡಮ್ಸ್ ಈ ಕಲೆಯ ಮಹಾಗುರು. ನ್ಯೂ ಮೆಕ್ಸಿಕೋದ ಹರ್ನಾಂಡೆಜ್ ಎಂಬ ಹಳ್ಳಿಯ ಮೇಲೆ ಚಂದ್ರ ಮೂಡುವ ಅವರ ಚಿತ್ರ ಜಗತ್ಪ್ರಸಿದ್ಧ. ಚಂದ್ರನ ಸ್ಥಾನವನ್ನು ಲೆಕ್ಕ ಹಾಕಿ ಖಗೋಳ ಆಸಕ್ತರು ಅದನ್ನು ತೆಗೆದ ದಿನವನ್ನು ಕಂಡುಹಿಡಿದರು. ಯಾವ ದಿನ ಗೊತ್ತೇ? 1941ರ ನವೆಂಬರ್ 1! ನಮ್ಮ ರಾಜ್ಯೋದಯಕ್ಕೆ ಸರಿಯಾಗಿ 15 ವರ್ಷ ಮೊದಲು. ಆ ಒಂದೇ ನೆಗೆಟಿವಿನಿಂದ ಆಡಮ್ಸ್ ದಶಕಗಳ ಕಾಲ ಪ್ರಿಂಟ್ ಹಾಕುತ್ತ ಹೋದರು. ಮೊದಮೊದಲ ಪ್ರಿಂಟುಗಳಲ್ಲಿ ಮೋಡಗಳಿಂದ ತಿಳಿಯಾಗಿದ್ದ ಆಕಾಶ ಕೊನೆಕೊನೆಗೆ ಬಹುತೇಕ ಕಪ್ಪಾಯಿತು. ಪಿಯಾನೋ ಕಲಿತಿದ್ದ ಅವರು ನೆಗೆಟಿವನ್ನು ಸ್ವರಲಿಪಿಗೂ ಪ್ರಿಂಟನ್ನು ಕಛೇರಿಗೂ ಹೋಲಿಸುತ್ತಿದ್ದರು. ಕೀರ್ತನೆ ಒಂದೇ, ಹಾಡುವಾಗಿನ ಮನೋಧರ್ಮ ಬೇರೆ ಬೇರೆ ಎಂದು ನಾವು ಹೇಳುವುದಿಲ್ಲವೇ, ಹಾಗೆ.

ನಮ್ಮವರೇನೂ ಕಡಿಮೆಯಲ್ಲ. ಮೈಸೂರಿನಲ್ಲಿ 1923ರಲ್ಲಿ ಹುಟ್ಟಿದ ವಿ.ಕೆ. ಮೂರ್ತಿಯವರನ್ನು ನೆನೆಯಿರಿ. ಗುರುದತ್ತರ 'ಕಾಗಜ್ ಕೆ ಫೂಲ್' (1959) ಚಿತ್ರಕ್ಕೆ ಸ್ಟುಡಿಯೋದ ಹೊರಗಿನ ಬಿಸಿಲನ್ನು ದೊಡ್ಡ ಕನ್ನಡಿಗಳಿಂದ ಒಳಕ್ಕೆ ತಿರುಗಿಸಿ ಅವರು ನಿಲ್ಲಿಸಿದ ಬೆಳಕಿನ ಕಂಬ ಇಂದಿಗೂ ಸಿನಿಮಾ ಶಾಲೆಗಳಲ್ಲಿ ಪಾಠ. 'ಸಾಹಿಬ್ ಬೀಬಿ ಔರ್ ಗುಲಾಮ್' (1962) ಚಿತ್ರದ ನೃತ್ಯ ದೃಶ್ಯವೊಂದರಲ್ಲಿ ಮುಖ್ಯ ನರ್ತಕಿಗೆ ಮಾತ್ರ ಪೂರ್ತಿ ಬೆಳಕು, ಹಿಂದಿನ ನರ್ತಕಿಯರ ಮುಖವೆಲ್ಲ ನೆರಳಿನಲ್ಲಿ. ಪ್ರಿಂಟಿನ ಮೇಲೆ ಮಾಡುವ ಡಾಡ್ಜಿಂಗ್-ಬರ್ನಿಂಗನ್ನು ಅವರು ಸೆಟ್ಟಿನಲ್ಲಿ ದೀಪಗಳಿಂದಲೇ ಮಾಡಿಬಿಟ್ಟಿದ್ದರು. 2008ನೇ ಸಾಲಿನ ಫಾಲ್ಕೆ ಪ್ರಶಸ್ತಿ ಪಡೆದ ಅವರು ಆ ಗೌರವಕ್ಕೆ ಪಾತ್ರರಾದ ಮೊದಲ ಛಾಯಾಗ್ರಾಹಕ. 2014ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಸಂಡೂರಿನ ಎಂ.ವೈ. ಘೋರ್ಪಡೆಯವರು ಕರ್ನಾಟಕದ ಹಣಕಾಸು ಸಚಿವರಾಗಿದ್ದವರು, ಕಾಡಿನಲ್ಲಿ ಕ್ಯಾಮೆರಾ ಹಿಡಿದು ಕುಳಿತರೆ ಬೇರೆಯೇ ಮನುಷ್ಯ. 1983ರಲ್ಲಿ ಬಂದ ಅವರ ವನ್ಯಜೀವಿ ಚಿತ್ರಗಳ ಪುಸ್ತಕದ ಹೆಸರೇ 'ಸನ್‌ಲೈಟ್ ಅಂಡ್ ಶಾಡೋಸ್', ಅಂದರೆ ಬಿಸಿಲು ಮತ್ತು ನೆರಳು. ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿ 1971ರಿಂದ ಇಂಥ ಅಭಿರುಚಿಯನ್ನು ಬೆಳೆಸಿಕೊಂಡು ಬಂದಿದೆ.

ಪದರದ ಮೇಲೊಂದು ಪದರ

ಈಗ ಕಂಪ್ಯೂಟರಿಗೆ ಬರೋಣ. ಸಹೋದರರಾದ ಥಾಮಸ್ ನೋಲ್ ಮತ್ತು ಜಾನ್ ನೋಲ್ ಬರೆದ ಫೋಟೋಶಾಪ್ 1990ರಲ್ಲಿ ಮಾರುಕಟ್ಟೆಗೆ ಬಂತು. 1994ರ ಮೂರನೇ ಆವೃತ್ತಿಯಲ್ಲಿ 'ಲೇಯರ್' ಅಂದರೆ ಪದರಗಳ ಸೌಲಭ್ಯ ಸೇರಿತು. ಶಾಲೆಯಲ್ಲಿ ಭೂಪಟದ ಮೇಲೆ ಬೆಣ್ಣೆ ಕಾಗದವಿಟ್ಟು ಗೆರೆ ಎಳೆಯುತ್ತಿದ್ದೆವಲ್ಲ, ಲೇಯರ್ ಎಂದರೆ ಅದೇ. ಕೆಳಗಿನ ಚಿತ್ರಕ್ಕೆ ಒಂದು ಗೀರೂ ಬೀಳದು, ಬೇಡವೆನಿಸಿದರೆ ಮೇಲಿನ ಹಾಳೆ ತೆಗೆದು ಎಸೆದರಾಯಿತು. ಡಾಡ್ಜ್, ಬರ್ನ್ ಉಪಕರಣಗಳನ್ನು ನೇರವಾಗಿ ಫೋಟೋದ ಮೇಲೆ ಉಜ್ಜುವುದಕ್ಕಿಂತ ಲೇಯರ್ ಬಳಸುವುದು ಮೇಲು ಎನ್ನುವುದು ಈ ಕಾರಣಕ್ಕೆ.

ಮೇಲಿನ ಪದರ ಕೆಳಗಿನ ಪದರದೊಂದಿಗೆ ಹೇಗೆ ಬೆರೆಯಬೇಕು ಎಂದು ಹೇಳುವ ಸೂತ್ರವೇ 'ಬ್ಲೆಂಡಿಂಗ್ ಮೋಡ್'. ಪಟ್ಟಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಹೆಸರುಗಳಿವೆ, ಹೆದರಬೇಡಿ. ನಮಗೆ ಬೇಕಾದವು ನಾಲ್ಕೇ. ಕಪ್ಪಿಗೆ ಸೊನ್ನೆ, ಬಿಳಿಗೆ ಒಂದು ಎಂದಿಟ್ಟುಕೊಳ್ಳಿ. ಬೂದು ಬಣ್ಣಗಳೆಲ್ಲ ನಡುವಿನ ಕಾಲು, ಅರೆ, ಮುಕ್ಕಾಲುಗಳು. ಹಳೆಯ ಮಗ್ಗಿ ಬಲ್ಲವರಿಗೆ ಇದು ನೀರು ಕುಡಿದಷ್ಟು ಸುಲಭ.

'ಮಲ್ಟಿಪ್ಲೈ' ಎಂದರೆ ಗುಣಾಕಾರ. ಎರಡು ಸ್ಲೈಡುಗಳನ್ನು ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದಂತೆ. ಕೆಳಗೆ ಕಾಲು, ಮೇಲೆ ಅರ್ಧ ಇದ್ದರೆ ಫಲ ಅರೆಕಾಲು. ಅಂದರೆ ಚಿತ್ರ ಗಾಢವಾಗುತ್ತದೆ. 'ಸ್ಕ್ರೀನ್' ಇದರ ತದ್ವಿರುದ್ಧ. ಎರಡು ಪ್ರೊಜೆಕ್ಟರುಗಳನ್ನು ಒಂದೇ ಪರದೆಗೆ ಹಿಡಿದಂತೆ, ಚಿತ್ರ ತಿಳಿಯಾಗುತ್ತದೆ. 'ಓವರ್‌ಲೇ' ಇವೆರಡರ ಜಾಣ ಸಂಸಾರ. ಕೆಳಗಿನ ಚಿತ್ರ ಅರ್ಧಕ್ಕಿಂತ ಕಪ್ಪಾದ ಕಡೆ ಮೇಲಿನದರಿಂದ ಗುಣಿಸಿ ಎರಡು ಪಟ್ಟು ಮಾಡುತ್ತದೆ, ಅರ್ಧಕ್ಕಿಂತ ತಿಳಿಯಾದ ಕಡೆ ಇದೇ ಲೆಕ್ಕವನ್ನು ಬಿಳಿಯ ಕಡೆಯಿಂದ ಮಾಡುತ್ತದೆ. ಈಗ ಸ್ವಾರಸ್ಯ ನೋಡಿ. ಮೇಲಿನ ಪದರ ಸರಿಯಾಗಿ ಅರ್ಧ, ಅಂದರೆ ಐವತ್ತು ಶೇಕಡಾ ಬೂದು ಆಗಿದ್ದರೆ? ಕಾಲು ಗುಣಿಸು ಅರ್ಧ ಅರೆಕಾಲು, ಅದರ ಎರಡು ಪಟ್ಟು ಮತ್ತೆ ಕಾಲು! ಚಿತ್ರ ಇದ್ದ ಹಾಗೇ ಉಳಿಯಿತು. ಬೂದು ಹಾಳೆ ಕಣ್ಣಿಗೆ ಕಾಣದೆ ಮಾಯವಾಯಿತು. ಆ ಹಾಳೆಯ ಮೇಲೆ ಎಲ್ಲಿ ಬಿಳಿ ಸವರಿದರೂ ಅಲ್ಲಿ ಮಾತ್ರ ಚಿತ್ರ ಬೆಳಗುತ್ತದೆ, ಎಲ್ಲಿ ಕಪ್ಪು ಸವರಿದರೂ ಅಲ್ಲಿ ಮಾತ್ರ ಗಾಢವಾಗುತ್ತದೆ. ರಟ್ಟಿನ ಬಿಲ್ಲೆಯೂ ತೂತಿನ ರಟ್ಟೂ ಒಂದೇ ಬೂದು ಹಾಳೆಯಲ್ಲಿ ಸಿಕ್ಕವು.

ನಾಲ್ಕನೆಯದು 'ಸಾಫ್ಟ್ ಲೈಟ್'. ಕೆಲಸ ಓವರ್‌ಲೇಯದ್ದೇ, ಸ್ವಭಾವ ಮೃದು. ಮುಖಗಳಿಗೆ ಇದೇ ಒಳ್ಳೆಯದು, ಕಟ್ಟಡ, ಬೆಟ್ಟ, ಮೋಡಗಳಿಗೆ ಓವರ್‌ಲೇ ನಡೆಯುತ್ತದೆ. ಪಟ್ಟಿಯಲ್ಲಿ 'ಕಲರ್ ಡಾಡ್ಜ್', 'ಕಲರ್ ಬರ್ನ್' ಎಂಬ ಹೆಸರುಗಳನ್ನು ಕಂಡು ಇವೇ ಇರಬೇಕೆಂದು ಹೊಸಬರು ಹಾರಿಬೀಳುವುದುಂಟು. ಅವು ಭಾಗಾಕಾರದ ಸೂತ್ರಗಳು, ಬಹಳ ಉಗ್ರ. ಸ್ವಲ್ಪ ಹೆಚ್ಚಿದರೆ ಕೆನ್ನೆಯ ಮೇಲೆ ಬಿಳಿ ತೂತು ಬೀಳುತ್ತದೆ. ದೀಪಾವಳಿಯ ಹಣತೆಯ ಸುತ್ತ ಪ್ರಭೆ ಮೂಡಿಸಲು ಬೇಕಾದರೆ ಇಟ್ಟುಕೊಳ್ಳಿ, ಮನೆಯವರ ಮುಖಕ್ಕೆ ಬೇಡ.

ಮಾಡುವ ಕ್ರಮ

ಫೋಟೋ ತೆರೆದು, ಮೊದಲು ಮೂಲ ಪ್ರತಿಯನ್ನು ಬೇರೆ ಹೆಸರಿನಲ್ಲಿ ಉಳಿಸಿ. ಆಲ್ಟ್ ಕೀಲಿ ಒತ್ತಿಕೊಂಡು ಹೊಸ ಲೇಯರ್ ಗುಂಡಿ ಒತ್ತಿದರೆ ಒಂದು ಚೌಕ ತೆರೆಯುತ್ತದೆ. ಮೋಡ್ ಎಂಬಲ್ಲಿ ಸಾಫ್ಟ್ ಲೈಟ್ ಆಯ್ದು, ಕೆಳಗಿನ 'ಐವತ್ತು ಶೇಕಡಾ ಬೂದು ತುಂಬು' ಎಂಬುದಕ್ಕೆ ಗುರುತು ಹಾಕಿ. ಮೃದು ಅಂಚಿನ ಕುಂಚ ಹಿಡಿದು ಅದರ ಒಪಾಸಿಟಿಯನ್ನು ಐದರಿಂದ ಹತ್ತು ಶೇಕಡಾಕ್ಕೆ ಇಳಿಸಿ. ಡಿ ಕೀಲಿ ಒತ್ತಿದರೆ ಕಪ್ಪು-ಬಿಳಿ ಬಣ್ಣಗಳು ಸಿದ್ಧ, ಎಕ್ಸ್ ಕೀಲಿ ಒತ್ತಿದಾಗಲೆಲ್ಲ ಒಂದರ ಜಾಗಕ್ಕೆ ಇನ್ನೊಂದು. ಇನ್ನು ನಿಧಾನವಾಗಿ, ತೆಳ್ಳಗೆ, ಪದೇ ಪದೇ ಸವರುವುದಷ್ಟೇ ಕೆಲಸ. ಒಂದೇ ಏಟಿಗೆ ಬೆಳಗಿಸಲು ಹೋದರೆ ಮುಖದ ಮೇಲೆ ಸುಣ್ಣ ಬಳಿದಂತಾಗುತ್ತದೆ. ಜಾಸ್ತಿಯಾಯಿತೆನಿಸಿದರೆ ಆ ಜಾಗಕ್ಕೆ ಮತ್ತೆ ಐವತ್ತು ಶೇಕಡಾ ಬೂದು ಸವರಿ, ಎಲ್ಲ ಮೊದಲಿನಂತೆ.

ಫೋಟೋಶಾಪ್ ಇಲ್ಲದವರು ನಿರಾಶರಾಗಬೇಕಿಲ್ಲ. ಉಚಿತವಾಗಿ ಸಿಗುವ ಗಿಂಪ್‌ನಲ್ಲಿ ಹೊಸ ಲೇಯರಿಗೆ ಮಧ್ಯಮ ಬೂದು ತುಂಬಿ ಮೋಡ್ ಬದಲಿಸಿದರೆ ಇದೇ ಫಲ. ಬ್ರೌಸರಿನಲ್ಲೇ ಓಡುವ ಫೋಟೋಪಿಯಾದಲ್ಲೂ ಈ ಮೋಡ್‌ಗಳಿವೆ. ಮೊಬೈಲಿನಲ್ಲೇ ಮುಗಿಸುವವರಿಗೆ ಸ್ನ್ಯಾಪ್‌ಸೀಡ್‌ನಲ್ಲಿ ಬೆರಳಿನಿಂದಲೇ ಡಾಡ್ಜ್-ಬರ್ನ್ ಮಾಡುವ ಸೌಲಭ್ಯವುಂಟು.

ಉದಾಹರಣೆಗೆ ನಮ್ಮ ವೇದಿಕೆಯ ಯಕ್ಷಗಾನದ ಚಿತ್ರವನ್ನೇ ನೋಡಿ. ನೆತ್ತಿಯ ಮೇಲಿನ ದೀಪದಿಂದ ಕಿರೀಟ ಫಳಫಳ, ಅದರಡಿ ಕಣ್ಣು ಕತ್ತಲೆ, ಹಿಂದೆ ಸ್ಪೀಕರಿನ ಮೇಲಿಟ್ಟ ನೀರಿನ ಬಾಟಲಿ ವೇಷಧಾರಿಗಿಂತ ಹೆಚ್ಚು ಹೊಳೆಯುತ್ತಿದೆ! ನಮ್ಮ ಕಣ್ಣು ಚಿತ್ರದಲ್ಲಿ ಅತಿ ಬೆಳಕಿರುವ ಕಡೆಗೇ ಮೊದಲು ಓಡುತ್ತದೆ. ಬಾಟಲಿಯನ್ನೂ ಪ್ಲಾಸ್ಟಿಕ್ ಕುರ್ಚಿಗಳನ್ನೂ ಬರ್ನ್ ಮಾಡಿ ಹಿಂದಕ್ಕೆ ತಳ್ಳಿ. ಕಣ್ಣುಗುಳಿಗಳನ್ನು ತುಸು ಡಾಡ್ಜ್ ಮಾಡಿ. ಬಣ್ಣಗಾರರು ಗಂಟೆಗಟ್ಟಲೆ ಕುಳಿತು ಬರೆದ ಮುಖವರ್ಣಿಕೆಯ ಗೆರೆಗಳು ಎದ್ದು ಬರುತ್ತವೆ. ಒಬ್ಬ ಕಲಾವಿದನ ದುಡಿಮೆಗೆ ಇನ್ನೊಬ್ಬ ಸಲ್ಲಿಸುವ ಗೌರವವಿದು.

ಎರಡು ಎಚ್ಚರಿಕೆಗಳು. ಮೊದಲನೆಯದು, ಪೂರ್ತಿ ಬಿಳಿಯಾಗಿ ಹೋದ ಜಾಗದಲ್ಲಿ ಓವರ್‌ಲೇಗಾಗಲಿ ಸಾಫ್ಟ್ ಲೈಟಿಗಾಗಲಿ ಮಾಡಲು ಏನೂ ಉಳಿದಿರುವುದಿಲ್ಲ. ಬಿಳಿ ಬಿಳಿಯಾಗಿಯೇ ಇರುತ್ತದೆ, ಕಡುಕಪ್ಪು ಕಡುಕಪ್ಪಾಗಿಯೇ ಇರುತ್ತದೆ. ಮಾಹಿತಿಯೇ ದಾಖಲಾಗದಿದ್ದರೆ ಯಾವ ಕುಂಚವೂ ಅದನ್ನು ತರಲಾರದು. ಆದ್ದರಿಂದ ಬಿಸಿಲಿನಲ್ಲಿ ಬಿಳಿ ಬಟ್ಟೆಯ ಚಿತ್ರ ತೆಗೆಯುವಾಗ ಬೆಳಕನ್ನು ತುಸು ಕಡಿಮೆಯೇ ಇಟ್ಟುಕೊಳ್ಳಿ, ಸಾಧ್ಯವಾದರೆ ರಾ ಕಡತದಲ್ಲಿ ತೆಗೆಯಿರಿ. ಎರಡನೆಯದು, ಓವರ್‌ಲೇಯಲ್ಲಿ ಗಾಢಗೊಳಿಸಿದ ಚರ್ಮ ಕೆಲವೊಮ್ಮೆ ಕಿತ್ತಳೆಯಂತೆ ಕೆಂಪಡರುತ್ತದೆ. ಹಾಗಾದಲ್ಲಿ 'ಕರ್ವ್ಸ್' ಪದರಗಳೆರಡನ್ನು ಮಾಡಿ, ಒಂದನ್ನು ಮೇಲಕ್ಕೂ ಇನ್ನೊಂದನ್ನು ಕೆಳಕ್ಕೂ ಬಾಗಿಸಿ, ಮೋಡ್ ಅನ್ನು 'ಲುಮಿನಾಸಿಟಿ'ಗೆ ಇಟ್ಟು, ಮಾಸ್ಕಿಗೆ ಕಪ್ಪು ತುಂಬಿ, ಬೇಕಾದಲ್ಲಿ ಬಿಳಿ ಕುಂಚದಿಂದ ತೆರೆಯಿರಿ. ಲುಮಿನಾಸಿಟಿ ಬೆಳಕನ್ನು ಮಾತ್ರ ಬದಲಿಸುತ್ತದೆ, ವರ್ಣವನ್ನು ಕೆಳಗಿನ ಚಿತ್ರದಿಂದಲೇ ಉಳಿಸಿಕೊಳ್ಳುತ್ತದೆ.

ಕಪ್ಪಾದರೂ ಲಕ್ಷಣ?

ಇಲ್ಲಿಗೆ ತಂತ್ರ ಮುಗಿಯಿತು. ಇನ್ನು ಕುಂಚ ಕೆಳಗಿಡುವ ವಿಷಯ.

ನಮ್ಮಲ್ಲಿ ಒಂದು ಮಾತಿದೆ, "ಹುಡುಗಿ ಕಪ್ಪಾದರೂ ಲಕ್ಷಣವಾಗಿದ್ದಾಳೆ." ಹೇಳುವವರಿಗೆ ಅದು ಹೊಗಳಿಕೆ. ಆ 'ಆದರೂ' ಎಂಬ ಮೂರಕ್ಷರ ಮಾತ್ರ ಕೇಳಿದವಳ ಎದೆಯಲ್ಲಿ ಜೀವಮಾನವಿಡೀ ಕುಳಿತಿರುತ್ತದೆ. ಭಾರತದಲ್ಲಿ 1975ರಿಂದ ಮಾರಾಟವಾದ 'ಫೇರ್ ಅಂಡ್ ಲವ್ಲಿ' ಮುಲಾಮು 2020ರಲ್ಲಿ 'ಗ್ಲೋ ಅಂಡ್ ಲವ್ಲಿ' ಆಯಿತು. ಹೆಸರಿನಿಂದ 'ಫೇರ್' ಹೋಯಿತು. ನಮ್ಮ ಮೊಬೈಲುಗಳ ಬ್ಯೂಟಿ ಮೋಡಿನಿಂದ ಹೋಯಿತೇ?

ಇದು ನಮ್ಮೊಬ್ಬರ ರೋಗವಲ್ಲ. ಅಮೆರಿಕದ ಕೊಡಾಕ್ ಕಂಪೆನಿ ದಶಕಗಳ ಕಾಲ ಪ್ರಿಂಟಿಂಗ್ ಲ್ಯಾಬುಗಳಿಗೆ 'ಶರ್ಲಿ ಕಾರ್ಡ್' ಎಂಬ ಮಾದರಿ ಚಿತ್ರ ಕಳಿಸುತ್ತಿತ್ತು. ಅದರಲ್ಲಿ ಇರುತ್ತಿದ್ದುದು ಬಿಳಿಯ ಹೆಣ್ಣುಮಗಳೊಬ್ಬಳ ಮುಖ. ಆ ಮುಖ ಚೆನ್ನಾಗಿ ಬಂದರೆ ಬಣ್ಣ ಸರಿ ಎಂದು ಲೆಕ್ಕ. ಕಪ್ಪು ಚರ್ಮದವರ ಮುಖದಲ್ಲಿ ಕಣ್ಣು, ಹಲ್ಲು ಬಿಟ್ಟು ಉಳಿದದ್ದು ಮುಚ್ಚಿಹೋಗುತ್ತಿದ್ದರೂ ಬಹುಕಾಲ ಯಾರೂ ಗಮನ ಕೊಡಲಿಲ್ಲ. ಹಲವು ವರ್ಣದವರಿರುವ ಕಾರ್ಡು ಬಂದದ್ದು 1990ರ ದಶಕದಲ್ಲಿ. ಬರ್ನಿಂಗಿನ ಅನ್ಯಾಯಕ್ಕೂ ಸಾಕ್ಷಿಯಿದೆ. 1994ರ ಜೂನ್‌ನಲ್ಲಿ ಕೊಲೆ ಆರೋಪಿ ಓ.ಜೆ. ಸಿಂಪ್ಸನ್‌ರ ಒಂದೇ ಪೊಲೀಸ್ ಫೋಟೋ 'ನ್ಯೂಸ್‌ವೀಕ್' ಮತ್ತು 'ಟೈಮ್' ಎರಡರ ಮುಖಪುಟದಲ್ಲೂ ಬಂತು. ಟೈಮ್‌ನ ಮುಖಪುಟದಲ್ಲಿ ಮುಖವನ್ನು ಮತ್ತಷ್ಟು ಕಪ್ಪು ಮಾಡಲಾಗಿತ್ತು. ಪಕ್ಕಪಕ್ಕದಲ್ಲಿಟ್ಟು ನೋಡಿದ ಓದುಗರು ರೊಚ್ಚಿಗೆದ್ದರು. ವಿಚಾರಣೆಗೆ ಮೊದಲೇ ಕುಂಚ ತೀರ್ಪು ಕೊಟ್ಟುಬಿಟ್ಟಿತು ಎಂಬುದು ಅವರ ಆಕ್ಷೇಪ.

ಕನ್ನಡಕ್ಕೆ ಮೈಬಣ್ಣದ ವಿಷಯದಲ್ಲಿ ಬಡತನವಿಲ್ಲ. ಎಣ್ಣೆಗಪ್ಪು, ಎಣ್ಣೆಗೆಂಪು, ನಸುಗಪ್ಪು, ಗೋಧಿ ಬಣ್ಣ, ಹೀಗೆ ಒಂದೊಂದಕ್ಕೂ ಹೆಸರಿಟ್ಟ ಭಾಷೆ ನಮ್ಮದು. ಎಣ್ಣೆಗಪ್ಪು ಎಂಬ ಮಾತಿನಲ್ಲೇ ಹೊಳಪಿದೆ. ಆ ಹೊಳಪನ್ನು ಹಿಡಿಯಲು ಕಪ್ಪನ್ನು ಅಳಿಸಬೇಕಾಗಿಲ್ಲ. ಕೆನ್ನೆಯ ಏಣು, ಮೂಗಿನ ಸಾಲು, ಕಣ್ಣಿನೊಳಗಿನ ಬೆಳಕು, ಇಷ್ಟನ್ನು ತುಸು ಡಾಡ್ಜ್ ಮಾಡಿ ಹಿನ್ನೆಲೆಯನ್ನು ತುಸು ಬರ್ನ್ ಮಾಡಿದರೆ ಸಾಕು. ಹಿನ್ನೆಲೆ ಕುಗ್ಗಿದಾಗ ಮುಖ ತಾನಾಗಿ ಬೆಳಗುತ್ತದೆ. ಬೇಲೂರಿನ ಮದನಿಕೆಯರ ಕಲ್ಲು ಕಪ್ಪೇ ಅಲ್ಲವೇ? ಓರೆ ಬೆಳಕು ಬಿದ್ದಾಗ ಅವರ ಬಳೆಯ ಎಣಿಕೆ ಕೂಡ ಸಿಗುತ್ತದೆ.

ಹಾಗಾದರೆ ಎಲ್ಲಿ ನಿಲ್ಲಿಸಬೇಕು? ನಾಲ್ಕು ಪರೀಕ್ಷೆಗಳನ್ನು ಇಟ್ಟುಕೊಳ್ಳಬಹುದು. ಒಂದು, ಮುಖವನ್ನು ಕತ್ತು, ಕಿವಿ, ಮುಂಗೈಗಳೊಡನೆ ಹೋಲಿಸಿ. ಎಲ್ಲವೂ ಒಬ್ಬರದೇ ಎನಿಸಬೇಕು. ಎರಡು, ಗುಂಪು ಚಿತ್ರದಲ್ಲಿ ಅಕ್ಕ ತಂಗಿಗಿಂತ ಕಪ್ಪಗಿದ್ದರೆ ತಿದ್ದಿದ ಮೇಲೂ ಹಾಗೆಯೇ ಇರಬೇಕು. ಒಬ್ಬರನ್ನು ಬೆಳಗಿಸಿ ಇನ್ನೊಬ್ಬರನ್ನು ಬಿಡುವಂತಿಲ್ಲ. ಮೂರು, ಲೇಯರಿನ ಕಣ್ಣಿನ ಗುರುತನ್ನು ಒತ್ತಿ ಮುಚ್ಚಿ ತೆರೆದು ನೋಡಿ. 'ಈಗ ಸರಿಯಾಗಿ ಕಾಣಿಸಿತು' ಎನಿಸಿದರೆ ಕೆಲಸ ಸರಿ. 'ಬೇರೆಯವರಾದರು' ಎನಿಸಿದರೆ ಲೇಯರಿನ ಒಪಾಸಿಟಿಯನ್ನು ಅರ್ಧಕ್ಕಿಳಿಸಿ. ನಾಲ್ಕು, ಚಿತ್ರದಲ್ಲಿರುವವರನ್ನೇ ಕೇಳಿ. ಮುಖ ಅವರದು, ಮಾತು ಅವರದೇ ನಡೆಯಲಿ. ಮಗುವಾದರೆ ಅದರ ಎದುರಿನಲ್ಲಿ 'ಬೆಳ್ಳಗೆ' ಎಂಬ ಪದವನ್ನೇ ಆಡಬೇಡಿ, 'ಬೆಳಕು' ಎನ್ನಿ.

ಪಾಸ್‌ಪೋರ್ಟ್, ವೀಸಾ, ಎಮಿರೇಟ್ಸ್ ಐಡಿ ಫೋಟೋಗಳಿಗೆ ಈ ಯಾವ ಕೈಚಳಕವೂ ಬೇಡ. ಅಲ್ಲಿ ತಿದ್ದದ ಮುಖವೇ ಬೇಕು. ಇನ್ನೊಂದು ಮಾತು, ಸೈಬರ್ ಅಪರಾಧಗಳ ಕುರಿತ 2021ರ ಫೆಡರಲ್ ಕಾನೂನು ಈ ದೇಶದಲ್ಲಿ 2022ರ ಜನವರಿಯಿಂದ ಜಾರಿಯಲ್ಲಿದೆ. ಒಪ್ಪಿಗೆಯಿಲ್ಲದೆ ಪರರ ಚಿತ್ರ ತೆಗೆಯುವುದು, ಹಂಚುವುದು, ಅವಮಾನಿಸುವ ಉದ್ದೇಶದಿಂದ ತಿದ್ದುವುದು ಶಿಕ್ಷಾರ್ಹ. ತಮಾಷೆಗೆಂದು ಸ್ನೇಹಿತರ ಮುಖ ತಿದ್ದಿ ವಾಟ್ಸಾಪ್ ಗುಂಪಿಗೆ ಹಾಕುವ ಉತ್ಸಾಹಿಗಳು ದಯವಿಟ್ಟು ಗಮನಿಸಿ.

ಇದೆಲ್ಲ ಇಷ್ಟು ಮುಖ್ಯವೇ ಎಂದು ಕೆಲವರು ಕೇಳಬಹುದು. ಊರಿನಲ್ಲಿರುವವರಿಗಿಂತ ನಮಗೆ ಹೆಚ್ಚು ಮುಖ್ಯ. ಇಲ್ಲಿ ಹುಟ್ಟಿ ಬೆಳೆಯುತ್ತಿರುವ ನಮ್ಮ ಮಕ್ಕಳಲ್ಲಿ ಎಷ್ಟೋ ಮಂದಿಗೆ ಮುತ್ತಜ್ಜಿಯೆಂದರೆ ಗೋಡೆಯ ಮೇಲಿನ ಒಂದು ಚಿತ್ರ, ಅಷ್ಟೇ. ಆಕೆಯ ದನಿ ಕೇಳಿಲ್ಲ, ಕೈತುತ್ತು ಉಂಡಿಲ್ಲ. ಆ ಹಳೆಯ ಚಿತ್ರ ಮಾಸಿ, ಮುಖದ ಅರ್ಧ ನೆರಳಿನಲ್ಲಿ ಮುಳುಗಿದ್ದರೆ ಖಂಡಿತ ಬೆಳಗಿಸಿ. ಮೂಗುತಿಯ ಹರಳು ಕಾಣಲಿ, ಹಣೆಯ ಸುಕ್ಕು ಕಾಣಲಿ. ಅದರ ಜೊತೆಗೆ ಗದ್ದೆಯ ಬಿಸಿಲಿನಲ್ಲಿ ಬೆಂದ ಆಕೆಯ ಬಣ್ಣವೂ ಉಳಿಯಲಿ. ನಾಳೆ ಇಲ್ಲೊಬ್ಬಳು ಹುಡುಗಿ, ಶಾಲೆಯಲ್ಲಿ ಯಾರೋ ಏನೋ ಅಂದರೆಂದು ಮುಖ ಸಣ್ಣದು ಮಾಡಿಕೊಂಡು ಬಂದು, ನನ್ನ ಬಣ್ಣ ಯಾರಿಂದ ಬಂತು ಎಂದು ಕೇಳಬಹುದು. ಆಗ ಗೋಡೆಯತ್ತ ಬೆರಳು ತೋರಿಸಲು ಒಂದು ಮುಖ ಬೇಕಲ್ಲವೇ? ನಾವು ಅಜ್ಜಿಯನ್ನು ಬೆಳ್ಳಗೆ ಮಾಡಿ ಕೂರಿಸಿದ್ದರೆ, ಮನೆಯಲ್ಲಿ ತನ್ನಂತೆ ಇನ್ನೊಬ್ಬರಿದ್ದರು ಎಂಬ ಧೈರ್ಯವೇ ಆ ಹುಡುಗಿಗೆ ಸಿಗುವುದಿಲ್ಲ.

ಮುಂದಿನ ಸಂಚಿಕೆಗೆ ಫೋಟೋ ಕಳಿಸುವವರಲ್ಲಿ ಎರಡು ವಿನಂತಿ. ಹಳೆಯ ಚಿತ್ರಗಳನ್ನು ಮೊಬೈಲಿನಿಂದ ತೆಗೆಯುವ ಬದಲು ಕನಿಷ್ಠ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ, ಮೂಲ ಕಡತವನ್ನು ತಿದ್ದದೆ ಕಳಿಸಿ. ಚಿತ್ರದ ಹಿಂಬದಿಯಲ್ಲಿ ಬರೆದ ಹೆಸರು, ಊರು, ಇಸವಿಯ ಸ್ಕ್ಯಾನ್ ಕೂಡ ಜೊತೆಗಿರಲಿ. ಬೆಳಕಿನ ಕೆಲಸ ನಾವು ನೋಡಿಕೊಳ್ಳುತ್ತೇವೆ.

ಎಲ್ಲರಿಗೂ ಕನ್ನಡ ರಾಜ್ಯೋತ್ಸವದ ಹಾರ್ದಿಕ ಶುಭಾಶಯಗಳು. ಸಿರಿಗನ್ನಡಂ ಗೆಲ್ಗೆ!